ಮದುವೆಯ ಹಿಂದಿನ ಸಂಜೆ: ಓವನ್ ವಿಸ್ಟರ್ ಅವರ ‘ದಿ ವರ್ಜಿನಿಯನ್’

ಅಮೆರಿಕದ ಪಶ್ಚಿಮ ಸೀಮೆಯ ಹಳೆ ಕಾಲದ ಪ್ರೇಮಕಥೆಗಳೆಂದರೆ ನನಗೆ ಪ್ರಾಣ. ಅವುಗಳನ್ನು ಇಷ್ಟಪಡುವವರು ಯಾರೇ ಆಗಲಿ, ‘ದಿ ವರ್ಜಿನಿಯನ್’ ಓದದೆ ಬಿಡಬಾರದು. ಓವನ್ ವಿಸ್ಟರ್ ಬರೆದ ಕಾದಂಬರಿ, 1902ರಲ್ಲಿ ಅಚ್ಚಾಯಿತು. ಪೂರ್ವದ ಊರಿನಿಂದ ಒಬ್ಬಳೇ ಬರುವ ಟೀಚರ್, ಮಾತು ಕಡಿಮೆ ಆಡುವ ಕೌಬಾಯ್, ಗುಂಡೇಟು ತಿಂದವನ ಆರೈಕೆ ಮಾಡುತ್ತಾ ಗಟ್ಟಿಯಾಗುವ ಪ್ರೀತಿ, ಮದುವೆಯ ಹಿಂದಿನ ದಿನ ಎದುರಾಗುವ ಶತ್ರು. ಈಗಿನ ಪುಸ್ತಕಗಳಲ್ಲಿ ಇವೆಲ್ಲ ಬಿಡಿಬಿಡಿಯಾಗಿ ಸಿಗುತ್ತವೆ. ಇಲ್ಲಿ ಎಲ್ಲವೂ ಒಂದೇ ಕಡೆ ಇವೆ. ಜೊತೆಗೆ ಆಮೇಲೆ ಬಂದ ಎಷ್ಟೋ ಕಥೆಗಳು ಮುಟ್ಟದೆ ಬಿಟ್ಟ ಒಂದು ಪ್ರಶ್ನೆಯೂ ಇದೆ. ಪ್ರೀತಿಸಿದವನು ಕೋರ್ಟು ಕಚೇರಿ ಯಾವುದೂ ಇಲ್ಲದೆ ಒಬ್ಬನನ್ನು ಮರಕ್ಕೆ ನೇಣು ಹಾಕಿ ಬಂದಿದ್ದರೆ ಅವಳು ಏನು ಮಾಡಬೇಕು? ವಿಸ್ಟರ್ ಇದನ್ನು ಧೈರ್ಯವಾಗಿ ಕೇಳುತ್ತಾರೆ. ಉತ್ತರ ಕೊಡುವಾಗ ನಾಯಕಿಗೆ ಅನ್ಯಾಯ ಮಾಡಿದ್ದಾರೆ. ಅದನ್ನೇ ಇಲ್ಲಿ ಬಿಡಿಸಿ ಬರೆಯುತ್ತೇನೆ. ಹಾಗಾಗಿ ಕೊನೆಯ ತನಕ ಕಥೆ ಹೇಳಬೇಕಾಗುತ್ತದೆ. ಕೊನೆ ಮೊದಲೇ ಗೊತ್ತಾಗಬಾರದು ಅನ್ನುವವರು ಪುಸ್ತಕ ಓದಿ ಬನ್ನಿ.

ನಾನಿರುವುದು ಕೊಲರಾಡೋದ ಫೋರ್ಟ್ ಕಾಲಿನ್ಸ್‌ನಲ್ಲಿ. ಈ ಕಾದಂಬರಿ ನಡೆಯುವ ವಯೋಮಿಂಗ್ ರಾಜ್ಯದ ಗಡಿ ಇಲ್ಲಿಂದ ಹತ್ತಿರ. ಲೈಬ್ರರಿಯಲ್ಲಿ ಹಳೆ ಪುಸ್ತಕಗಳ ಮಾರಾಟ ನಡೆಯುವಾಗ ಪೆಟ್ಟಿಗೆ ಬಿಚ್ಚಿ ಜೋಡಿಸುವ ಕೆಲಸಕ್ಕೆ ಹೋಗುತ್ತಿರುತ್ತೇನೆ. ಪಶ್ಚಿಮದ ಪ್ರೇಮಕಥೆಗಳು ರಾಶಿ ರಾಶಿ ಬರುತ್ತವೆ. ಮುಖಪುಟದ ಮೇಲೆ ಅಂಗಿ ಗುಂಡಿ ಬಿಚ್ಚಿದ ಗಂಡಸು, ಹಿಂದೆ ಬೆಟ್ಟ, ಪಕ್ಕದಲ್ಲಿ ಕುದುರೆ. ಅದನ್ನು ನೋಡಿ ಮೂಗು ಮುರಿಯುವವರಿದ್ದಾರೆ. ನಾನು ಮುರಿಯುವುದಿಲ್ಲ. ಈ ಕಥೆಗಳಲ್ಲಿ ಹೆಂಗಸು ಏನನ್ನೋ ನಿರ್ಧಾರ ಮಾಡುತ್ತಾಳೆ. ಪೇಪರಿನ ಜಾಹೀರಾತು ನೋಡಿ, ಮುಖ ಕಾಣದವನನ್ನು ಮದುವೆಯಾಗಲು ರೈಲು ಹತ್ತುತ್ತಾಳೆ. ಇಲ್ಲವೇ ತನ್ನ ಹೆಸರಿಗೇ ಜಮೀನು ಮಾಡಿಸಿಕೊಳ್ಳುತ್ತಾಳೆ. ಇದು ಸುಮ್ನೆ ಕಟ್ಟಿದ ಕಥೆಯಲ್ಲ. 1862ರ ಹೋಮ್‌ಸ್ಟೆಡ್ ಕಾಯ್ದೆಯ ಪ್ರಕಾರ 21 ವರ್ಷ ತುಂಬಿದ, ಮದುವೆಯಾಗದ ಹೆಂಗಸು ಕೂಡ 160 ಎಕರೆಗೆ ಅರ್ಜಿ ಹಾಕಬಹುದಿತ್ತು. ಐದು ವರ್ಷ ಅಲ್ಲೇ ಇದ್ದು, ಮನೆ ಕಟ್ಟಿ, ಉತ್ತು ಬಿತ್ತಿದರೆ ಜಮೀನು ಅವಳದ್ದೇ. ಗಂಡ ಇರುವವಳಿಗೆ ಸಾಮಾನ್ಯವಾಗಿ ಆ ಅವಕಾಶ ಇರಲಿಲ್ಲ. ಕಾನೂನಿನ ಇಂಥ ಒಂದು ಸಾಲಿನಿಂದ ಎಷ್ಟು ಪ್ರೇಮಕಥೆ ಹುಟ್ಟಬಹುದು ಯೋಚಿಸಿ. ಕಾಯ್ದೆ, ಹವಾಮಾನ, ದನದ ಬೆಲೆ, ರೈಲು ಬರುವ ಹೊತ್ತು, ಇವುಗಳ ನಡುವೆ ಸಿಕ್ಕಿಕೊಂಡ ಪ್ರೀತಿಯನ್ನು ಓದುವುದು ನನಗಿಷ್ಟ.

ಹಾಗೆ ಜೋಡಿಸುವಾಗಲೇ ಬಟ್ಟೆ ರಟ್ಟಿನ ಹಳೆಯದೊಂದು ‘ವರ್ಜಿನಿಯನ್’ ಕೈಗೆ ಬಂತು. ಮನೆಗೆ ತಂದೆ. ಮುನ್ನುಡಿಯಲ್ಲೇ ವಿಸ್ಟರ್ ಇದು ಐತಿಹಾಸಿಕ ಕಾದಂಬರಿ ಎಂದು ಹೇಳಿಕೊಳ್ಳುತ್ತಾರೆ. 1874ರಿಂದ 1890ರವರೆಗಿನ ವಯೋಮಿಂಗ್, ಅದಕ್ಕೂ ನೂರು ವರ್ಷ ಹಿಂದಿನ ವರ್ಜಿನಿಯಾದಷ್ಟೇ ಕಾಡು ಸೀಮೆಯಾಗಿತ್ತು ಎನ್ನುತ್ತಾರೆ. ಅವರು ಬರೆಯುವ ಹೊತ್ತಿಗೆ ಆ ಕಾಲ ಮುಗಿದಿತ್ತು. ಬಯಲಿಗೆ ಮುಳ್ಳುತಂತಿ ಬಂದಿತ್ತು. 1886-87ರ ಚಳಿಗಾಲದಲ್ಲಿ ದನಗಳು ಲೆಕ್ಕವಿಲ್ಲದಷ್ಟು ಸತ್ತು ದನ ಸಾಕುವ ದೊಡ್ಡ ದೊಡ್ಡ ರಾಂಚ್‌ಗಳೇ ಮುಳುಗಿದ್ದವು. ಮುಗಿದುಹೋದ ಕಾಲವನ್ನು ಪ್ರೀತಿಯಿಂದ ನೆನೆಯುವ ಧ್ವನಿ ಪುಸ್ತಕದ ಉದ್ದಕ್ಕೂ ಇದೆ. ನನ್ನನ್ನು ಮೊದಲು ಹಿಡಿದು ಕೂರಿಸಿದ್ದು ಆ ಧ್ವನಿ.

ಕಥೆ ಹೇಳುವವನು ಪೂರ್ವದ ಊರಿನ ಒಬ್ಬ ಯುವಕ. ಮೆಡಿಸಿನ್ ಬೋ ಎಂಬ ಊರಿನಲ್ಲಿ ರೈಲು ಇಳಿಯುತ್ತಾನೆ. ಅವನ ಪೆಟ್ಟಿಗೆ ಬಂದಿರುವುದಿಲ್ಲ. ಅವನು ಹೋಗಬೇಕಾದ ಜಡ್ಜ್ ಹೆನ್ರಿಯ ರಾಂಚ್ ಅಲ್ಲಿಂದ 263 ಮೈಲಿ. ಅವನನ್ನು ಕರೆದೊಯ್ಯಲು ಬಂದಿರುವ ಎತ್ತರದ ಆಳೇ ವರ್ಜಿನಿಯನ್. ಹುಟ್ಟಿದ್ದು ವರ್ಜಿನಿಯಾದಲ್ಲಿ ಎಂಬ ಕಾರಣಕ್ಕೆ ಆ ಹೆಸರು. ನಿಜವಾದ ಹೆಸರನ್ನು ಲೇಖಕರು ಕೊನೆಯವರೆಗೂ ಹೇಳುವುದಿಲ್ಲ. ಜೀವದ ಗೆಳೆಯ ಸ್ಟೀವ್ ಮಾತ್ರ ಅವನನ್ನು ಜೆಫ್ ಎಂದು ಕರೆಯುತ್ತಾನೆ. ಆ ರಾತ್ರಿ ಇಸ್ಪೀಟು ಆಡುವಾಗ ಟ್ರಾಂಪಸ್ ಎಂಬುವನು ಕೆಟ್ಟ ಬೈಗುಳ ಬಳಸುತ್ತಾನೆ. ವರ್ಜಿನಿಯನ್ ಪಿಸ್ತೂಲನ್ನು ಮೇಜಿನ ಮೇಲಿಟ್ಟು, ಹಾಗೆ ಕರೆಯುವುದಾದರೆ ನಗುತ್ತಾ ಕರೆ ಎನ್ನುತ್ತಾನೆ. ಪುಸ್ತಕಕ್ಕೆ ಹೆಸರು ತಂದ ಮಾತು ಅದು. ಆದರೆ ಅದಕ್ಕೂ ಸ್ವಲ್ಪ ಮೊದಲು ಸ್ಟೀವ್ ಅದೇ ಬೈಗುಳವನ್ನು ಸಲಿಗೆಯಿಂದ ಅಂದಿರುತ್ತಾನೆ, ಇವನಿಗೆ ಸಿಟ್ಟೇ ಬಂದಿರುವುದಿಲ್ಲ. ಮುಂದೆ ಸ್ಟೀವ್‌ಗೆ ಆಗುವುದನ್ನು ಓದುವಾಗ ಈ ಸಲಿಗೆ ನೆನಪಾಗಿ ಸಂಕಟವಾಗುತ್ತದೆ.

ಮೆಡಿಸಿನ್ ಬೋ ಈಗಲೂ ಇದೆ. ಬೇಸಿಗೆಗೆ ತೀರ್ಥಹಳ್ಳಿಯಿಂದ ಬಂದಿದ್ದ ನಮ್ಮ ಅತ್ತೆಯನ್ನು ಕರೆದುಕೊಂಡು ಹೋಗಿದ್ದೆ. ಲಾರಮಿ ದಾಟಿ ಹಳೆ ಹೆದ್ದಾರಿ 30 ಹಿಡಿದರೆ ಬಯಲೋ ಬಯಲು. ಮರ ಎಂಬುದು ಇಲ್ಲ. ಗಾಳಿ ಕಾರನ್ನೇ ತಳ್ಳುತ್ತದೆ. ದೂರದಲ್ಲಿ ಪ್ರಾಂಗ್‌ಹಾರ್ನ್ ಜಿಂಕೆಗಳು ನಿಂತು ನೋಡುತ್ತವೆ. ಹೊಸ ಹೆದ್ದಾರಿ ದಕ್ಷಿಣಕ್ಕೆ ಹಾದುಹೋದ ಮೇಲೆ ಊರು ಸೊರಗಿದೆ. ಅಲ್ಲಿರುವ ಮೂರಂತಸ್ತಿನ ಹೋಟೆಲಿಗೆ ಈ ಕಾದಂಬರಿಯ ಹೆಸರೇ ಇಟ್ಟಿದ್ದಾರೆ, 1911ರಲ್ಲಿ ತೆರೆದದ್ದು. ಎದುರಿಗೆ ಹಳೆಯ ರೈಲ್ವೆ ಸ್ಟೇಷನ್ ಈಗ ಮ್ಯೂಸಿಯಂ. ವಿಸ್ಟರ್ ಅವರ ಮರದ ಮನೆಯೊಂದನ್ನೂ ಬೇರೆ ಕಡೆಯಿಂದ ತಂದು ಅಲ್ಲಿ ನಿಲ್ಲಿಸಿದ್ದಾರೆ. 1885ರಲ್ಲಿ ಅವರು ಈ ಊರಿಗೆ ಬಂದಾಗ ಮಲಗಲು ಜಾಗ ಸಿಗದೆ ಅಂಗಡಿಯ ಕೌಂಟರ್ ಮೇಲೆ ಮಲಗಿದ್ದರು. ಕಾದಂಬರಿಯಲ್ಲಿ ಊರಿನ ಕಟ್ಟಡಗಳನ್ನು ಎಣಿಸಿ ಒಟ್ಟು 29 ಎಂದು ಬರೆದಿದ್ದಾರೆ. ಕಲ್ಲಿದ್ದಲು ಇಳಿಸುವ ಜಾಗ, ನೀರಿನ ಟ್ಯಾಂಕು, ಒಂದು ಅಂಗಡಿ, ಎರಡು ಊಟದ ಮನೆ, ಹೀಗೆ. ಮುಂದೆ ಮಾತ್ರ ಎರಡಂತಸ್ತು ಕಾಣುವ ಹಾಗೆ ಹಲಗೆ ಹೊಡೆದ ಒಂದಂತಸ್ತಿನ ಮನೆಗಳ ವರ್ಣನೆಯೂ ಇದೆ. ಆ ಊರನ್ನು ಅವರು ಕೊಳಕು ಎಂದೇ ಬರೆಯುತ್ತಾರೆ. ತಲೆ ಎತ್ತಿ ಆಕಾಶ ಮತ್ತು ಬೆಳಕನ್ನು ನೋಡಿದಾಗ ಅದೇ ಕೈ ಹಾಡಲು ಶುರು ಮಾಡುತ್ತದೆ. ಅಲ್ಲಿ ನಿಂತು ಆ ಪುಟಗಳನ್ನು ಮತ್ತೆ ಓದಿದೆ. ಬೆಳಕಿನ ವಿಷಯದಲ್ಲಿ ಒಂದಕ್ಷರವೂ ಉತ್ಪ್ರೇಕ್ಷೆ ಇಲ್ಲ.

ಇನ್ನು ನಾಯಕಿ, ಟೀಚರ್ ಮಾಲಿ. ಪೂರ್ತಿ ಹೆಸರು ಮೇರಿ ಸ್ಟಾರ್ಕ್ ವುಡ್, ಊರು ವರ್ಮಾಂಟ್‌ನ ಬೆನ್ನಿಂಗ್ಟನ್. 1777ರ ಬೆನ್ನಿಂಗ್ಟನ್ ಯುದ್ಧದ ಜನರಲ್ ಸ್ಟಾರ್ಕ್ ಅವರ ವಂಶದವಳು ಎಂಬ ಹೆಮ್ಮೆ ಮನೆಯಲ್ಲಿ ಜಾಸ್ತಿ. ದುಡ್ಡು ಮಾತ್ರ ಇಲ್ಲ. ಮನೆಯವರ ಮಿಲ್ಲು ಮುಳುಗಿದ ಮೇಲೆ ಅವಳು ಸಂಗೀತದ ಪಾಠ ಹೇಳುತ್ತಾಳೆ, ಕರವಸ್ತ್ರಕ್ಕೆ ಕಸೂತಿ ಹಾಕಿ ಮಾರುತ್ತಾಳೆ. ಸ್ಯಾಮ್ ಬ್ಯಾನೆಟ್ ಎಂಬ ಅನುಕೂಲಸ್ಥ ಹುಡುಗ ಕೇಳುತ್ತಾನೆ. ಮದುವೆಯಾದರೆ ಕಷ್ಟವೆಲ್ಲ ತೀರುತ್ತದೆ ಅಂತ ಊರೇ ಹೇಳುತ್ತದೆ. ಪ್ರೀತಿ ಇಲ್ಲದ ಮದುವೆ ಬೇಡ ಎಂದು ಅವಳು ವಯೋಮಿಂಗ್‌ನ ಬೇರ್ ಕ್ರೀಕ್ ಎಂಬಲ್ಲಿ ಹೊಸದಾಗಿ ಕಟ್ಟಿದ ಶಾಲೆಯ ಕೆಲಸಕ್ಕೆ ಹೊರಡುತ್ತಾಳೆ. ಆಗ ಅವಳಿಗೆ ಇನ್ನೂ ಇಪ್ಪತ್ತರ ಆಸುಪಾಸು. ವಿಸ್ಟರ್ ಈ ಭಾಗವನ್ನು ಗೌರವದಿಂದ ಬರೆದಿದ್ದಾರೆ. ಅವಳು ಪಶ್ಚಿಮಕ್ಕೆ ಬರುವುದು ಗಂಡನನ್ನು ಹುಡುಕಿಕೊಂಡಲ್ಲ, ಸಂಬಳ ಹುಡುಕಿಕೊಂಡು.

ಇಬ್ಬರೂ ಮೊದಲು ಎದುರಾಗುವುದು ನದಿಯ ನಡುವೆ. ಕುಡಿದ ಗಾಡಿಯವನು ಕುದುರೆಗಾಡಿಯನ್ನು ನೀರಿನಲ್ಲಿ ಸಿಕ್ಕಿಸಿ ಹಾಕಿರುತ್ತಾನೆ. ಯಾರೋ ಸವಾರ ಬಂದು ಅವಳನ್ನೆತ್ತಿ ದಡಕ್ಕೆ ಬಿಟ್ಟು ಹೋಗುತ್ತಾನೆ. ಹೂವಿನ ಚಿತ್ರದ ಅವಳ ಕರವಸ್ತ್ರ ಅವನ ಹತ್ತಿರ ಉಳಿಯುತ್ತದೆ. ಆಮೇಲೆ ಒಂದು ನೃತ್ಯಕೂಟದಲ್ಲಿ ಅವನು ಕುಣಿಯಲು ಕರೆದರೆ, ಪರಿಚಯವೇ ಆಗಿಲ್ಲವಲ್ಲ ಎಂದು ದೂರ ನಿಲ್ಲಿಸುತ್ತಾಳೆ. ಆ ರಾತ್ರಿ ಅವನೂ ಲಿನ್ ಮೆಕ್ಲೀನ್ ಎಂಬ ಗೆಳೆಯನೂ ಸೇರಿ, ಒಳಗೆ ಸಾಲಾಗಿ ಮಲಗಿಸಿದ್ದ ಕೂಸುಗಳ ಬಟ್ಟೆ, ಹೊದಿಕೆ ಎಲ್ಲ ಅದಲು ಬದಲು ಮಾಡಿಬಿಡುತ್ತಾರೆ. ಅಪ್ಪ ಅಮ್ಮಂದಿರು ಕತ್ತಲಲ್ಲಿ ಯಾರದೋ ಮಗು ಎತ್ತಿಕೊಂಡು ಎಷ್ಟೋ ಮೈಲಿ ಗಾಡಿ ಹೊಡೆಯುತ್ತಾರೆ. ಇದನ್ನು ಓದಿ ಜೋರಾಗಿ ನಕ್ಕಿದ್ದೇನೆ. ದೊಡ್ಡ ಮನುಷ್ಯನಾಗಿ ಕಾಣುವ ನಾಯಕ ಇನ್ನೂ ಹುಡುಗು ಬುದ್ಧಿಯವನು ಅನ್ನುವುದು ಈ ಒಂದು ಅಧ್ಯಾಯದಲ್ಲೇ ಗೊತ್ತಾಗುತ್ತದೆ.

ಈ ಕಾದಂಬರಿಯ ಪ್ರೇಮ ಬೆಳೆಯುವುದು ವಾದದಲ್ಲಿ. ನನಗೆ ಇದೇ ಹೆಚ್ಚು ಹಿಡಿಸಿದ್ದು. ಎಲ್ಲ ಮುಗಿಯುವುದರೊಳಗೆ ನೀನು ನನ್ನನ್ನು ಪ್ರೀತಿಸುತ್ತೀಯ ಎಂದು ಅವನು ಮೊದಲಿಗೇ ಹೇಳಿಬಿಡುತ್ತಾನೆ. ಅವಳು ನಗುತ್ತಾಳೆ. ಆಮೇಲೆ ವರ್ಷಗಟ್ಟಲೆ ಇಬ್ಬರೂ ಕುದುರೆ ಸವಾರಿ ಮಾಡುತ್ತಾರೆ, ಪುಸ್ತಕಗಳ ಬಗ್ಗೆ ಜಗಳ ಆಡುತ್ತಾರೆ. ಮನುಷ್ಯರೆಲ್ಲ ಸಮಾನರೇ ಅಲ್ಲವೇ ಎಂಬುದರ ಮೇಲೆ ಒಂದು ಇಡೀ ಅಧ್ಯಾಯದ ಚರ್ಚೆ ಇದೆ. ಅವಳು ಕೊಟ್ಟ ಪುಸ್ತಕಗಳನ್ನು ಅವನು ದನಗಳ ಹಿಂದೆ ಅಲೆಯುವಾಗ ಓದುತ್ತಾನೆ. ಶೇಕ್ಸ್‌ಪಿಯರ್ ಹಿಡಿಸುತ್ತಾನೆ. ಆದರೆ ರೋಮಿಯೋ ಅವನಿಗೆ ಗಂಡಸೇ ಅಲ್ಲ, ಅವನ ಗೆಳೆಯನೇ ವಾಸಿ. ಅವಳಿಗೆ ಒಪ್ಪಿಸಬೇಕು ಅಂತ ಅವನು ಯಾವ ಪುಸ್ತಕವನ್ನೂ ಹೊಗಳುವುದಿಲ್ಲ. ಅವಳೂ ಅವನ ಅಕ್ಷರದ ತಪ್ಪನ್ನು ತಿದ್ದದೆ ಬಿಡುವುದಿಲ್ಲ. ಈಗಿನ ಪುಸ್ತಕಗಳಲ್ಲಿ ಕಣ್ಣು ಕಲೆತ ಮೂರನೇ ಪುಟಕ್ಕೆ ಮೈ ಬಿಸಿಯಾಗುತ್ತದೆ. ಇಲ್ಲಿ ಒಂದು ಮುತ್ತಿಗೆ ಪುಸ್ತಕದ ಬಹುಭಾಗ ಕಾಯಬೇಕು. ಆ ಕಾಯುವಿಕೆಯಲ್ಲಿ ಇಬ್ಬರ ಬುದ್ಧಿಯೂ ನಮಗೆ ಪರಿಚಯವಾಗಿರುತ್ತದೆ.

ಅವಳು ಸೋತು, ಹೆದರಿ, ಬೆನ್ನಿಂಗ್ಟನ್‌ಗೆ ವಾಪಸ್ ಹೋಗಲು ಪೆಟ್ಟಿಗೆ ಕಟ್ಟಿದ ದಿನವೇ ಎಲ್ಲ ತಿರುಗುತ್ತದೆ. ಒಬ್ಬಳೇ ಸವಾರಿ ಹೋದವಳಿಗೆ ಒಂದು ಒರತೆಯ ಹತ್ತಿರ ಅವನು ರಕ್ತದಲ್ಲಿ ಬಿದ್ದಿರುವುದು ಕಾಣುತ್ತದೆ. ಗುಂಡು ಹೊಡೆದವರು ಇನ್ನೂ ಹತ್ತಿರದಲ್ಲೇ ಇರಬಹುದು, ನೀನು ಹೋಗು ಎನ್ನುತ್ತಾನೆ. ಅವಳು ಹೋಗುವುದಿಲ್ಲ. ನೀರು ಕುಡಿಸಿ, ಗಾಯಕ್ಕೆ ಬಟ್ಟೆ ಕಟ್ಟಿ, ಕುದುರೆ ಹತ್ತಿಸಿ, ಬೀಳದಂತೆ ಹಿಡಿದುಕೊಂಡು ಮೈಲಿಗಟ್ಟಲೆ ನಡೆಸಿಕೊಂಡು ಬರುತ್ತಾಳೆ. ಅವಳ ಮನೆಯ ಗೋಡೆಯ ಮೇಲೆ ಅಜ್ಜಿ ಸ್ಟಾರ್ಕ್ ಅವರ ಪುಟ್ಟ ಚಿತ್ರ ಇದೆ. ಅಧ್ಯಾಯಕ್ಕೂ ಅಜ್ಜಿಯ ಹೆಸರನ್ನೇ ಇಟ್ಟಿದ್ದಾರೆ. ಆ ಧೈರ್ಯ ಅವಳಿಗೆ ಎಲ್ಲಿಂದ ಬಂತು ಎಂದು ಹೇಳುವ ರೀತಿ ಅದು. ಹುಷಾರಾದ ಮೇಲೆ ಅವನೇ ಹಿಂದೆ ಸರಿಯಲು ನೋಡುತ್ತಾನೆ. ನಾನು ನಿನಗೆ ತಕ್ಕವನಲ್ಲ ಎನ್ನುತ್ತಾನೆ. ಆಗ ಮನಸ್ಸು ಬಿಚ್ಚಿ ಹೇಳುವವಳು ಮಾಲಿ. ಈ ಪುಟಗಳನ್ನು ನಾನು ಎಷ್ಟು ಸಲ ಓದಿದರೂ ಗಂಟಲು ಕಟ್ಟುತ್ತದೆ.

ಇಲ್ಲಿಗೆ ಮುಗಿದಿದ್ದರೆ ಸುಖವಾದ ಪ್ರೇಮಕಥೆ ಆಗುತ್ತಿತ್ತು. ವಿಸ್ಟರ್ ಮುಗಿಸುವುದಿಲ್ಲ.

ಸ್ಟೀವ್ ದನಗಳ್ಳರ ಜೊತೆ ಸೇರಿರುತ್ತಾನೆ. ಜಡ್ಜ್ ಹೆನ್ರಿಯ ರಾಂಚಿನ ಫೋರ್‌ಮನ್ ಆಗಿರುವ ವರ್ಜಿನಿಯನ್ ಕಳ್ಳರನ್ನು ಹಿಡಿಯಲು ಹೋದವರ ಮುಂದಾಳು. ಕಥೆ ಹೇಳುವವನು ಮಳೆಯಲ್ಲಿ ಒಂದು ಲಾಯಕ್ಕೆ ಬರುತ್ತಾನೆ. ಒಳಗೆ ಇಬ್ಬರನ್ನು ಕೂಡಿಹಾಕಿದ್ದಾರೆ. ಬೆಳಗಾದರೆ ನೇಣು. ಸ್ಟೀವ್ ಎಲ್ಲರ ಜೊತೆ ಹಗುರವಾಗಿ ಮಾತಾಡುತ್ತಾನೆ, ಕಾಫಿ ಕುಡಿಯುತ್ತಾನೆ. ಜೀವದ ಗೆಳೆಯನ ಜೊತೆ ಮಾತ್ರ ಒಂದು ಮಾತಿಲ್ಲ. ಹಾಗೇ ಹೋಗಿಬಿಡುತ್ತಾನೆ. ವಾಪಸ್ ಬರುವ ದಾರಿಯಲ್ಲಿ ವರ್ಜಿನಿಯನ್ ಅಳುತ್ತಾನೆ. ಆಮೇಲೆ ಹಳೆ ಪೇಪರಿನ ಅಂಚಿನಲ್ಲಿ ಸ್ಟೀವ್ ಪೆನ್ಸಿಲಿನಿಂದ ಬರೆದದ್ದು ಸಿಗುತ್ತದೆ. ನಿನ್ನ ಜೊತೆ ಮಾತಾಡಿದ್ದರೆ ಮಗುವಿನ ಹಾಗೆ ಅತ್ತುಬಿಡುತ್ತಿದ್ದೆ ಅನ್ನುವ ಅರ್ಥದ ಎರಡು ಸಾಲು. ಇಡೀ ಪುಸ್ತಕದಲ್ಲಿ ಇದಕ್ಕಿಂತ ಗಟ್ಟಿಯಾದ ಬರವಣಿಗೆ ಇಲ್ಲ. ನೇಣು ಹಾಕಿದ್ದು ತಪ್ಪೋ ಸರಿಯೋ ಎಂಬುದನ್ನು ನಾಯಕನ ಕಣ್ಣೀರೇ ಕೇಳುತ್ತಿದೆ.

ಮಾಲಿಗೆ ವಿಷಯ ಗೊತ್ತಾಗುವುದು ಶಾಲೆಯ ಮಕ್ಕಳ ಆಟದಿಂದ. ಅವರು ನೇಣು ಹಾಕುವ ಆಟ ಆಡುತ್ತಿರುತ್ತಾರೆ. ಅವಳು ತತ್ತರಿಸುತ್ತಾಳೆ. ಇಲ್ಲಿಯ ತನಕ ಪ್ರತಿ ವಿಷಯಕ್ಕೂ ಅವನೊಡನೆ ಮುಖಾಮುಖಿ ವಾದ ಮಾಡಿದವಳು ಅವಳು. ಈಗಲೂ ಅವರಿಬ್ಬರೇ ಕೂತು ಮಾತಾಡಬೇಕಲ್ವಾ? ವಿಸ್ಟರ್ ಅದಕ್ಕೆ ಅವಕಾಶ ಕೊಡುವುದಿಲ್ಲ. ಜಡ್ಜ್ ಹೆನ್ರಿಯನ್ನು ಅವಳ ಹತ್ತಿರ ಕಳಿಸುತ್ತಾರೆ. ಜಡ್ಜ್ ವಾದ ಹೀಗೆ: ದಕ್ಷಿಣದ ರಾಜ್ಯಗಳಲ್ಲಿ ಕಪ್ಪು ಜನರನ್ನು ಗುಂಪು ಸೇರಿ ಸುಡುವುದು ಬೇರೆ, ವಯೋಮಿಂಗ್‌ನಲ್ಲಿ ಕಳ್ಳನನ್ನು ಗದ್ದಲವಿಲ್ಲದೆ ನೇಣು ಹಾಕುವುದು ಬೇರೆ. ಇಲ್ಲಿ ಜ್ಯೂರಿಗಳು, ಅಂದರೆ ತೀರ್ಪು ಹೇಳಲು ಕೂರಿಸಿದ ಊರವರ ಗುಂಪುಗಳು, ಕಳ್ಳರನ್ನು ಬಿಟ್ಟುಬಿಡುತ್ತಿವೆ. ಕೋರ್ಟಿಗೆ ಅಧಿಕಾರ ಕೊಟ್ಟವರು ಜನ. ಕೋರ್ಟು ಕೆಲಸ ಮಾಡದಿದ್ದಾಗ ಜನ ಅದನ್ನು ವಾಪಸ್ ತೆಗೆದುಕೊಳ್ಳುತ್ತಾರೆ. ಮಾಲಿ ಒಂದೆರಡು ಒಳ್ಳೆಯ ಪ್ರಶ್ನೆ ಕೇಳುತ್ತಾಳೆ, ಎರಡೂ ಕಾನೂನು ಮುರಿದಂತೆಯೇ ತಾನೇ ಎನ್ನುತ್ತಾಳೆ. ಆಮೇಲೆ ಅವಳ ಧ್ವನಿ ಕೇಳುವುದೇ ಇಲ್ಲ.

ಕಾರಿನಲ್ಲಿ ಅತ್ತೆಗೆ ಇಲ್ಲಿಯವರೆಗಿನ ಕಥೆ ಹೇಳಿದ್ದೆ. ಅವರು ತಟ್ಟನೆ ಕೇಳಿದರು. “ಅಲ್ವೇ, ಆ ದನ ಯಾರದ್ದು? ಆ ಜಡ್ಜಿಂದೇ ಅಲ್ವಾ? ದನ ಕಳೆದುಕೊಂಡವನೇ ಬಂದು ನ್ಯಾಯ ಹೇಳಿದರೆ ಅದು ಎಂಥಾ ನ್ಯಾಯ?”

ಇದಕ್ಕಿಂತ ಚೆನ್ನಾಗಿ ಹೇಳುವುದು ನನ್ನಿಂದ ಆಗದು. ವಯೋಮಿಂಗ್ ಚರಿತ್ರೆಯೂ ಅತ್ತೆಯ ಪರವಾಗಿಯೇ ಇದೆ. ಆಗ ದನಗಳು ಬೇಲಿಯಿಲ್ಲದ ಸರ್ಕಾರಿ ಬಯಲಿನಲ್ಲಿ ಮೇಯುತ್ತಿದ್ದವು. ಒಡೆಯನ ಗುರುತಿನ ಮುದ್ರೆ ಹಾಕದ ಕರು ಯಾರದ್ದು ಎಂಬುದೇ ಜಗಳ. ದೊಡ್ಡ ರಾಂಚಿನವರ ಸಂಘ, ವಯೋಮಿಂಗ್ ಸ್ಟಾಕ್ ಗ್ರೋವರ್ಸ್ ಅಸೋಸಿಯೇಷನ್, 1884ರಲ್ಲಿ ಒಂದು ಕಾನೂನು ಮಾಡಿಸಿಕೊಂಡಿತು. ಅದರ ಪ್ರಕಾರ ಅಂಥ ಕರುಗಳೆಲ್ಲ ಸಂಘದ ಕೈಗೆ. ಸ್ವಂತಕ್ಕೆ ನಾಲ್ಕು ದನ ಕಟ್ಟಲು ಹೊರಟ ಕೌಬಾಯ್‌ಗಳನ್ನು ಕೆಲಸಕ್ಕೆ ಸೇರಿಸದಂತೆ ಪಟ್ಟಿ ಮಾಡಿದರು. ಹೀಗಿರುವಾಗ ಒಬ್ಬನನ್ನು ಕಳ್ಳ ಎನ್ನುವುದು ಸುಲಭ. ಜ್ಯೂರಿಗಳು ಬಿಟ್ಟುಬಿಡುತ್ತಿದ್ದುದಕ್ಕೆ ಅದೂ ಒಂದು ಕಾರಣ. ಅಲ್ಲಿ ಕೂರುತ್ತಿದ್ದವರಲ್ಲಿ ಸಣ್ಣ ರೈತರೇ ಬಹಳ ಮಂದಿ.

1889ರ ಜುಲೈ 20ರಂದು ಸ್ವೀಟ್‌ವಾಟರ್ ನದಿಯ ಸೀಮೆಯಲ್ಲಿ ಎಲ್ಲಾ ವಾಟ್ಸನ್ ಎಂಬ ಹೆಂಗಸನ್ನೂ ಜಿಮ್ ಆವೆರಿಲ್ ಎಂಬುವನನ್ನೂ ಒಂದೇ ಮರಕ್ಕೆ ನೇಣು ಹಾಕಿದರು. ಹಾಕಿದವರು ಅಕ್ಕಪಕ್ಕದ ದನದ ಒಡೆಯರು. ಎಲ್ಲಾ ವಾಟ್ಸನ್ ತನ್ನ ಹೆಸರಿಗೆ ಹೋಮ್‌ಸ್ಟೆಡ್ ಜಮೀನಿಗೆ ಅರ್ಜಿ ಹಾಕಿ ಮನೆ ಕಟ್ಟಿಕೊಂಡಿದ್ದವಳು. ಆ ಜಾಗದ ಹುಲ್ಲು, ನೀರಿನ ಮೇಲೆ ದೊಡ್ಡವರಿಗೆ ಕಣ್ಣಿತ್ತು. ರಾಜಧಾನಿ ಶೈಯೆನ್‌ನ ಪತ್ರಿಕೆಗಳು ಅವಳನ್ನು ಕಳ್ಳಿ, ನಡತೆಗೆಟ್ಟವಳು ಎಂದು ಬರೆದವು. ಸಾಕ್ಷಿಗಳು ಒಬ್ಬೊಬ್ಬರಾಗಿ ಸತ್ತರು, ಇಲ್ಲವೇ ಕಾಣೆಯಾದರು. ಯಾರಿಗೂ ಶಿಕ್ಷೆ ಆಗಲಿಲ್ಲ. ಅದೇ ವರ್ಷದ ಶರತ್ಕಾಲದಲ್ಲಿ ವಿಸ್ಟರ್ ವಯೋಮಿಂಗ್‌ನಲ್ಲಿದ್ದರು. ಆ ಕೊಲೆಯ ಆರೋಪ ಹೊತ್ತವರಲ್ಲಿ ಒಬ್ಬನ ಜೊತೆ ರೈಲಿನಲ್ಲಿ ಕೂತಿದ್ದಾಗಿ ದಿನಚರಿಯಲ್ಲಿ ಬರೆದಿದ್ದಾರೆ. ಅವನು ಒಳ್ಳೆಯ ಮರ್ಯಾದಸ್ಥನಂತೆ ಕಂಡ, ಬಿಡುಗಡೆಯಾಗಲಿ ಎಂದೂ ಬರೆದಿದ್ದಾರೆ. ಇದನ್ನು ಓದಿದ ಮೇಲೆ ಜಡ್ಜ್ ಹೆನ್ರಿಯ ಅಧ್ಯಾಯ ನನಗೆ ಮೊದಲಿನ ಹಾಗೆ ಓದಿಸಿಕೊಳ್ಳಲಿಲ್ಲ. ಕಾದಂಬರಿಯಲ್ಲಿ ನೇಣಿಗೇರುವವರು ಗಂಡಸರು, ಕಳ್ಳತನ ಒಪ್ಪಿಕೊಂಡವರು. ಹೆಂಗಸಿನ ಹೆಣ ಇಲ್ಲ. ಅದಿದ್ದಿದ್ದರೆ ಜಡ್ಜ್ ಮಾಲಿಯ ಮುಂದೆ ಕೂತು ಏನು ಹೇಳುತ್ತಿದ್ದ?

1885ರಲ್ಲಿ ವಿಸ್ಟರ್ ಆರೋಗ್ಯ ಸುಧಾರಿಸಿಕೊಳ್ಳಲು ಬಂದು ಉಳಿದದ್ದು ಫ್ರಾಂಕ್ ವಾಲ್ಕಟ್ ಎಂಬ ಮೇಜರ್‌ನ ರಾಂಚಿನಲ್ಲಿ. ಏಳು ವರ್ಷದ ಮೇಲೆ, 1892ರ ಏಪ್ರಿಲ್‌ನಲ್ಲಿ, ಅದೇ ವಾಲ್ಕಟ್ ದನದ ದೊಡ್ಡ ಒಡೆಯರ ಪರವಾಗಿ ಟೆಕ್ಸಸ್‌ನಿಂದ ಬಾಡಿಗೆ ಬಂದೂಕಿನವರನ್ನು ಕರೆದುಕೊಂಡು ಜಾನ್ಸನ್ ಕೌಂಟಿಯ ಮೇಲೆ ನುಗ್ಗಿದ. ಕೆಸಿ ರಾಂಚಿನಲ್ಲಿ ನೇಟ್ ಚಾಂಪಿಯನ್, ನಿಕ್ ರೇ ಎಂಬ ಇಬ್ಬರನ್ನು ಕೊಂದರು. ಊರವರು ತಿರುಗಿಬಿದ್ದು ಸುತ್ತುವರಿದಾಗ ಈ ದಾಳಿಕೋರರನ್ನು ಕಾಪಾಡಲು ಸೈನ್ಯ ಬರಬೇಕಾಯಿತು. ಅವರಿಗೂ ಶಿಕ್ಷೆ ಆಗಲಿಲ್ಲ. ವಿಸ್ಟರ್ ಅವರ ಸ್ನೇಹ, ಊಟ, ಮಾತುಕತೆ ಎಲ್ಲ ಒಡೆಯರ ಕಡೆಯವರ ಜೊತೆ. ವಿಸ್ಟರ್ ಫಿಲಡೆಲ್ಫಿಯಾದ ದೊಡ್ಡ ಮನೆತನದವರು, ಹಾರ್ವರ್ಡ್‌ನಲ್ಲಿ ಓದಿದವರು. ಪುಸ್ತಕವನ್ನು ಅರ್ಪಿಸಿದ್ದು ಆಗ ಅಧ್ಯಕ್ಷರಾಗಿದ್ದ ಗೆಳೆಯ ಥಿಯೋಡರ್ ರೂಸ್‌ವೆಲ್ಟ್ ಅವರಿಗೆ. ಒಬ್ಬ ಒರಟ ಕುದುರೆಯನ್ನು ಹಿಂಸಿಸುವ ಪುಟ ತೀರಾ ಕ್ರೂರವಾಗಿದೆ ಎಂದು ರೂಸ್‌ವೆಲ್ಟ್ ಹೇಳಿದ್ದರಿಂದ ಅದನ್ನು ತಿದ್ದಿ ಬರೆದರು. ಜಡ್ಜ್ ಹೆನ್ರಿಯ ಮಾತನ್ನೂ ಹಾಗೆ ಯಾರಾದರೂ ಪ್ರಶ್ನಿಸಿದ್ದರೆ ಅನ್ನಿಸುತ್ತದೆ.

ಇನ್ನೊಂದು ಕೊರಗಿದೆ. ವಯೋಮಿಂಗ್ ಹೆಂಗಸರಿಗೆ ಮತದ ಹಕ್ಕು ಕೊಟ್ಟದ್ದು 1869ರ ಡಿಸೆಂಬರ್‌ನಲ್ಲಿ. ಎಸ್ತರ್ ಹೋಬಾರ್ಟ್ ಮಾರಿಸ್ ಎಂಬ ಹೆಂಗಸು 1870ರಲ್ಲೇ ಸೌತ್ ಪಾಸ್ ಸಿಟಿಯಲ್ಲಿ ನ್ಯಾಯ ಹೇಳುವ ಕುರ್ಚಿಯ ಮೇಲೆ ಕೂತಿದ್ದರು. ಅದೇ ವರ್ಷ ಲಾರಮಿಯಲ್ಲಿ ಲೂಯಿಸಾ ಸ್ವೇನ್ ಮತ ಹಾಕಿದರು. ವರ್ಮಾಂಟ್‌ನಲ್ಲಿ ಮಾಲಿಗಿಲ್ಲದ ಹಕ್ಕು ಇಲ್ಲಿ ವಯಸ್ಸು ತುಂಬಿದ ಹೆಂಗಸರಿಗೆ ಇತ್ತು. ನೇಣಿನ ಪ್ರಶ್ನೆಗೆ ಉತ್ತರ ಹೇಳಲು ಒಬ್ಬ ಗಂಡಸೇ ಬರಬೇಕಾಗಿರಲಿಲ್ಲ. ಇಂಥ ನೆಲದ ಮೇಲೆ ನಿಂತ ಟೀಚರಮ್ಮನಿಂದ ಎಂಥ ವಾದ ಮಾಡಿಸಬಹುದಿತ್ತು!

ಕೊನೆಯ ಭಾಗಕ್ಕೆ ಬರೋಣ. ಮದುವೆಯ ಹಿಂದಿನ ದಿನ ಇಬ್ಬರೂ ಪಟ್ಟಣಕ್ಕೆ ಬರುತ್ತಾರೆ. ಹೊತ್ತು ಮುಳುಗುವುದರೊಳಗೆ ಊರು ಬಿಡು ಎಂದು ಟ್ರಾಂಪಸ್ ಸವಾಲು ಹಾಕುತ್ತಾನೆ. ಮದುವೆ ಮಾಡಿಸಬೇಕಾದ ಬಿಷಪ್‌ಗೂ ಏನು ಹೇಳಬೇಕೋ ತಿಳಿಯುವುದಿಲ್ಲ. ಮಾಲಿ ಸ್ಪಷ್ಟವಾಗಿ ಹೇಳುತ್ತಾಳೆ: ನೀನು ಈಗ ಅವನ ಜೊತೆ ಹೊಡೆದಾಡಲು ಹೋದರೆ ನಮಗೆ ನಾಳೆ ಎಂಬುದಿಲ್ಲ. ಅವನು ಹೋಗುತ್ತಾನೆ. ಟ್ರಾಂಪಸ್ ಮೊದಲು ಗುಂಡು ಹಾರಿಸುತ್ತಾನೆ, ಸಾಯುತ್ತಾನೆ. ವರ್ಜಿನಿಯನ್ ಜೀವಂತ ವಾಪಸ್ ಬಂದಾಗ ಅವಳ ಬಾಯಲ್ಲಿ ಬರುವುದು ದೇವರೇ ಬದುಕಿಸಿದೆ ಎನ್ನುವ ಉದ್ಗಾರ, ಅಷ್ಟೇ. ನನ್ನ ಗೆಳತಿಯರಲ್ಲಿ ಕೆಲವರು ಇದನ್ನು ಅವಳ ಸೋಲು ಎನ್ನುತ್ತಾರೆ. ನಾನು ಒಪ್ಪುವುದಿಲ್ಲ. ಸತ್ತೇ ಹೋದ ಅಂದುಕೊಂಡವನು ಬಾಗಿಲಲ್ಲಿ ನಿಂತಾಗ ಯಾರಿಗೂ ತತ್ವ ನೆನಪಾಗುವುದಿಲ್ಲ. ನನ್ನ ದೂರು ಆ ಉದ್ಗಾರದ ಮೇಲಲ್ಲ. ಮಾರನೆಯ ಬೆಳಿಗ್ಗೆ, ಅದರ ಮುಂದಿನ ತಿಂಗಳು, ಅವಳಿಗೆ ಏನನ್ನಿಸಿತು ಎಂದು ಲೇಖಕರು ಒಂದು ಸಾಲೂ ಬರೆಯದಿರುವುದರ ಮೇಲೆ.

ಬರೆದಿರುವುದು ಮಧುಚಂದ್ರದ ಬಗ್ಗೆ. ಬೆಟ್ಟದ ಹೊಳೆಯ ನಡುವೆ ಒಂದು ಪುಟ್ಟ ದ್ವೀಪ. ಅವನು ಮೊದಲೇ ಆರಿಸಿಟ್ಟ ಜಾಗ. ಅವಳು ಬರುವ ಮುಂಚೆ ಡೇರೆ ಹಾಕಿ ಅಡುಗೆ ಮಾಡಿಡುತ್ತಾನೆ. ಯಾವುದೋ ಸಣ್ಣ ಕಾಡುಪ್ರಾಣಿ ನೀರಿನಿಂದೆದ್ದು ಮರಳಲ್ಲಿ ಹೊರಳುವುದನ್ನು ಇಬ್ಬರೂ ನೋಡುತ್ತಾರೆ. ತಾನೂ ಹಾಗೇ ನೆಲ, ನೀರು, ಮರದೊಳಗೆ ಕರಗಿ ಮತ್ತೆ ಹೊರಗೆ ಬಾರದಿರಬೇಕು ಅನ್ನಿಸುತ್ತದೆ ಎನ್ನುತ್ತಾನೆ. ಒಬ್ಬ ಗಂಡಸು ಹೆಂಡತಿಯ ಹತ್ತಿರ ಇಷ್ಟು ಮೆತ್ತಗೆ ಮಾತಾಡುವುದನ್ನು ಆ ಕಾಲದ ಪುಸ್ತಕದಲ್ಲಿ ನಾನು ಬೇರೆಲ್ಲೂ ಓದಿಲ್ಲ. ಈಗಿನ ಪಶ್ಚಿಮದ ಪ್ರೇಮಕಥೆ ಬರೆಯುವವರು ಬಂದೂಕಿನ ಜಗಳದ ಬದಲು ಈ ಪುಟಗಳನ್ನು ಹಿಡಿದು ಕೂರಬೇಕು.

ಉಳಿದ ಕೊರತೆಗಳನ್ನೂ ಹೇಳಿಬಿಡುತ್ತೇನೆ. ಇದರ ಕೆಲವು ಭಾಗಗಳು 1890ರ ದಶಕದಲ್ಲಿ ಪತ್ರಿಕೆಯಲ್ಲಿ ಬಿಡಿ ಕಥೆಗಳಾಗಿ ಬಂದವು. ಅವನ್ನು ಹೊಲಿದು ಕಾದಂಬರಿ ಮಾಡಿದ ಗುರುತು ಕಾಣುತ್ತದೆ. ಕಥೆ ಹೇಳುವವನು ತಾನಿಲ್ಲದ ಜಾಗದ ಮಾತನ್ನೂ ಅಕ್ಷರ ಬಿಡದೆ ಹೇಳುತ್ತಾನೆ. ನಡುವೆ ಕೋಳಿಯೊಂದರ ಕಥೆ, ರೈಲು ಪ್ರಯಾಣದ ನಡುವೆ ಕಪ್ಪೆ ಸಾಕಣೆಯ ಬಗ್ಗೆ ಹೇಳುವ ದೊಡ್ಡ ಸುಳ್ಳಿನ ಕಥೆ ಬರುತ್ತವೆ. ಚೆನ್ನಾಗಿವೆ, ಆದರೆ ಉದ್ದ. ಮೂಲನಿವಾಸಿಗಳು ಇಲ್ಲಿ ಮುಖವಿಲ್ಲದ ಅಪಾಯ ಮಾತ್ರ. ಯಾರ ನೆಲದ ಮೇಲೆ ಈ ದನಗಳೆಲ್ಲ ಮೇಯುತ್ತಿವೆಯೋ ಆ ಶೋಶೋನಿ, ಅರಾಪಹೋ ಜನರ ಒಂದು ಮಾತೂ ಇಲ್ಲ. ಕಪ್ಪು ಜನರ ಬಗ್ಗೆ, ಯಹೂದಿಗಳ ಬಗ್ಗೆ ಹೀನಾಯವಾದ ಮಾತುಗಳು ಸಲೀಸಾಗಿ ಬರುತ್ತವೆ. ಮಕ್ಕಳಿಗೆ ಕೊಡುವುದಾದರೆ ಪಕ್ಕದಲ್ಲಿ ಕೂತು ಓದಿಸಿ.

ಹಕ್ಕಿನ ಅವಧಿ ಮುಗಿದಿರುವುದರಿಂದ ಪ್ರಾಜೆಕ್ಟ್ ಗುಟೆನ್‌ಬರ್ಗ್ ಎಂಬ ವೆಬ್‌ಸೈಟಿನಲ್ಲಿ ಪುಕ್ಕಟೆ ಸಿಗುತ್ತದೆ. 36 ಅಧ್ಯಾಯ. ವರ್ಜಿನಿಯನ್ ಮಾತಾಡುವ ದಕ್ಷಿಣದ ಇಂಗ್ಲಿಷನ್ನು ಉಚ್ಚಾರಣೆ ಇದ್ದ ಹಾಗೇ ಬರೆದಿರುವುದರಿಂದ ಮೊದಲ ನೂರು ಪುಟ ತಡವರಿಸಬೇಕಾಗುತ್ತದೆ. ಆ ತನಕ ಲಿಬ್ರಿವಾಕ್ಸ್‌ನ ಪುಕ್ಕಟೆ ಆಡಿಯೋ ಹಾಕಿಕೊಂಡು ಜೊತೆಗೆ ಓದಿ, ಕಿವಿ ಹೊಂದಿಕೊಳ್ಳುತ್ತದೆ. ದುಡ್ಡು ಕೊಟ್ಟು ಕೊಳ್ಳುವುದಾದರೆ ಟಿಪ್ಪಣಿ ಮತ್ತು ಪೀಠಿಕೆ ಇರುವ ಆಕ್ಸ್‌ಫರ್ಡ್ ವರ್ಲ್ಡ್ಸ್ ಕ್ಲಾಸಿಕ್ಸ್ ಮುದ್ರಣವನ್ನೇ ತೆಗೆದುಕೊಳ್ಳಿ. ಪೀಠಿಕೆಯನ್ನು ಕೊನೆಗೆ ಓದಿ. ಜಡ್ಜ್ ಹೆನ್ರಿ ಬರುವುದು 33ನೇ ಅಧ್ಯಾಯದಲ್ಲಿ. ಅಲ್ಲಿ ಪುಸ್ತಕ ಪಕ್ಕಕ್ಕಿಟ್ಟು ಎಲ್ಲಾ ವಾಟ್ಸನ್ ಬಗ್ಗೆ ಒಂದಿಷ್ಟು ಓದಿಕೊಂಡು, ಆಮೇಲೆ ಮುಂದುವರಿಸಿ.